ಇಪ್ಪತ್ತೊಂದು ಜೋಡಿ

ನನ್ನ ತಂಗಿಯ ಮಗಳು ಸುಮಾ ಇರುವುದು ಅರಸೀಕೆರೆಯಲ್ಲಿ. ಅವಳ ಮಗಳನ್ನು ನಾವೆಲ್ಲ ಪುಟ್ಟಿ ಎಂದೇ ಕರೆಯುವುದು. 2016ರಲ್ಲಿ ಪುಟ್ಟಿಗೆ ಇನ್ನೂ ಐದು ತುಂಬಿರಲಿಲ್ಲ, ಆಗ ಅವಳಿಗೆ ರಕ್ತದ ಕ್ಯಾನ್ಸರ್ ಎಂದು ಗೊತ್ತಾಯಿತು. ಆ ದಿನಗಳ ವಿಷಯ ನಾನು ಬರೆಯಲು ಹೋಗುವುದಿಲ್ಲ. ಅಂಥ ದಿನಗಳನ್ನು ಕಂಡವರಿಗೆ ಹೇಳಬೇಕಾಗಿಲ್ಲ, ಕಾಣದವರಿಗೆ ಕಾಣದಿರಲಿ ಎಂದೇ ನನ್ನ ಹಾರೈಕೆ.

ಬೆಂಗಳೂರಿನ ಆಸ್ಪತ್ರೆಯಲ್ಲಿ ಆರೇಳು ತಿಂಗಳು ಸೂಜಿ, ಡ್ರಿಪ್ಪು, ಬೆನ್ನುಮೂಳೆಯ ಇಂಜೆಕ್ಷನ್ನು ಎಲ್ಲ ಆದಮೇಲೆ ಮಗುವನ್ನು ಮನೆಗೆ ಕಳಿಸಿದರು. ಇನ್ನು ಮುಂದೆ ಹೆಚ್ಚಾಗಿ ಮಾತ್ರೆಗಳು, ತಿಂಗಳಿಗೊಮ್ಮೆ ಬಂದು ತೋರಿಸಿದರೆ ಸಾಕು ಎಂದರು. ಅರಸೀಕೆರೆಯಿಂದ ಬೆಂಗಳೂರಿಗೆ ಹೋಗುವ ರೈಲು ತುಮಕೂರಿನ ಮೇಲೇ ಹಾಯುತ್ತದೆ. ನನ್ನ ಮನೆ ಸ್ಟೇಷನ್ನಿಗೆ ಹತ್ತಿರ. ಹಾಗಾಗಿ ಪ್ರತಿ ತಿಂಗಳೂ ಹೋಗುವಾಗಲೋ ಬರುವಾಗಲೋ ಅವರು ಒಂದು ರಾತ್ರಿ ನನ್ನಲ್ಲಿ ಉಳಿಯುವುದು ವಾಡಿಕೆಯಾಯಿತು.

ರಾತ್ರಿ ಒಂಬತ್ತಕ್ಕೆ ಸುಮಾ ಚೀಲದಿಂದ ಸ್ಟೀಲಿನ ಡಬ್ಬಿ ತೆಗೆಯುವಳು. ಅದರಲ್ಲೊಂದು ತಿಳಿಹಳದಿ ಮಾತ್ರೆ, 50 ಮಿಲಿಗ್ರಾಮಿನದು. ಒಂದು ದಿನ ಇಡೀ ಮಾತ್ರೆ, ಮರುದಿನ ಅರ್ಧ. ಕೌಂಟ್ ಬಿದ್ದರೆ ಅದನ್ನೂ ಕಡಿಮೆ ಮಾಡುತ್ತಿದ್ದರು, ಕೌಂಟ್ ಎದ್ದರೆ ಹೆಚ್ಚಿಸುತ್ತಿದ್ದರು. ಹಾಲಿನ ಜೊತೆ ಕೊಡಬೇಡಿ, ಊಟವಾಗಿ ಹೊತ್ತಾಗಿರಲಿ ಎಂದು ಆಸ್ಪತ್ರೆಯಲ್ಲಿ ಹೇಳಿದ್ದರಂತೆ. ಈಗೀಗ ಆ ಕಟ್ಟುಪಾಡು ಸಡಿಲವಾಗಿದೆ ಎಂದು ಕೇಳಿದ್ದೇನೆ, ಆಗ ಮಾತ್ರ ಸುಮಾ ಅದನ್ನು ವ್ರತದ ಹಾಗೆ ಪಾಲಿಸುತ್ತಿದ್ದಳು. ಪುಟ್ಟಿಗೋ ಮಲಗುವಾಗ ಒಂದು ಲೋಟ ಬಿಸಿ ಹಾಲು ಬೇಕೇ ಬೇಕು. ಹುಟ್ಟಿದಾಗಿನಿಂದ ಅವಳ ಅಜ್ಜಿ, ಅಂದರೆ ಸುಮಾಳ ಅತ್ತೆ, ಮಾಡಿಸಿದ ರೂಢಿ ಅದು. ದಿನಾ ರಾತ್ರಿ ಒಂದು ಸಣ್ಣ ರಂಪ.

ಒಂದು ರಾತ್ರಿ ಆ ಮಾತ್ರೆಯ ಪೊಟ್ಟಣದ ಮೇಲಿನ ಹೆಸರನ್ನು ಕನ್ನಡಕ ಹಾಕಿಕೊಂಡು ಓದಿದೆ. ಮರ್ಕ್ಯಾಪ್ಟೊಪ್ಯೂರಿನ್. ಎಲ್ಲೋ ಕೇಳಿದ ಹೆಸರು ಅನ್ನಿಸಿತು. ಎಲ್ಲಿ ಎಂದು ಹೊಳೆದದ್ದು ಮಲಗಿದ ಮೇಲೆ. ಎದ್ದು ಕೂತೆ. 6-ಎಂಪಿ! ನಾನು ಇಪ್ಪತ್ತಾರು ವರ್ಷ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸಿದವಳು. ವರ್ಷಕ್ಕೊಂದು ಸಲ ಕಪ್ಪುಹಲಗೆಯ ಮೇಲೆ ಒಂದು ಕೋಷ್ಟಕ ಬರೆಯುತ್ತಿದ್ದೆ. ಎಡಗಡೆ 'ಹುಸಿ ಮಾತ್ರೆ', ಬಲಗಡೆ '6-ಎಂಪಿ', ಕೆಳಗೆ ಇಪ್ಪತ್ತೊಂದು ಸಾಲು ಅಂಕಿ. ಇದು ಅಮೆರಿಕದ ಒಂದು ಔಷಧಿ ಪರೀಕ್ಷೆಯದು ಎಂದಷ್ಟೇ ಹೇಳಿ ಲೆಕ್ಕಕ್ಕೆ ಇಳಿಯುತ್ತಿದ್ದೆ. ನಮ್ಮ ಶಾಸ್ತ್ರದವರಿಗೆ ಅದು ಬಹಳ ಹೆಸರಾದ ಕೋಷ್ಟಕ. ಲಂಡನ್ನಿನ ಡೇವಿಡ್ ಕಾಕ್ಸ್ 1972ರಲ್ಲಿ ಬರೆದ ಪ್ರಸಿದ್ಧ ಲೇಖನದಲ್ಲೂ ಉದಾಹರಣೆಗೆ ಬಂದದ್ದು ಇದೇ. ಆ 6-ಎಂಪಿ ಈಗ ನನ್ನ ಅಡುಗೆಮನೆಯ ಕಟ್ಟೆಯ ಮೇಲೆ, ಉಪ್ಪಿನಕಾಯಿ ಭರಣಿಯ ಪಕ್ಕದಲ್ಲಿ ಕೂತಿತ್ತು.

ಮಾರನೆಯ ತಿಂಗಳು ಸುಮಾಳ ಅತ್ತೆಯೂ ಜೊತೆಗೆ ಬಂದಿದ್ದರು. ಪುಟ್ಟಿಯ ತಲೆಯಲ್ಲಿ ಗುಂಗುರು ಕೂದಲು ಬಂದು, ಕೆನ್ನೆ ತುಂಬಿ, ಜಗಲಿಯಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದಳು. ಅವರು ಅವಳನ್ನು ನೋಡುತ್ತ ನನಗೆ ಹೇಳಿದರು: "ನೀವು ಕಾಲೇಜಿನಲ್ಲಿ ಪಾಠ ಹೇಳಿದವರು, ನೀವಾದರೂ ಹೇಳಿ. ಮಗು ಆಡ್ಕೊಂಡು ಉಂಡ್ಕೊಂಡು ಚೆನ್ನಾಗಿದೆ. ರಕ್ತದಲ್ಲಿ ಏನೂ ಇಲ್ಲ ಅಂತ ಡಾಕ್ಟರೇ ಹೇಳ್ತಾರೆ. ಇಲ್ಲದ ರೋಗಕ್ಕೆ ಮದ್ದು ಯಾಕೆ? ಮಾತ್ರೆ ನುಂಗಿದ ಮೇಲೇ ತಾನೇ ಕೌಂಟ್ ಬೀಳೋದು, ಜ್ವರ ಬರೋದು? ಇನ್ನೂ ಒಂದೂವರೆ ವರ್ಷ ಕೊಡಬೇಕಂತೆ. ಸಾಕು ನಿಲ್ಲಿಸು ಅಂತ ನಾನು ಸುಮಾಗೆ ಹೇಳ್ತಿದ್ದೀನಿ. ನನ್ನ ಮಗನಿಗೂ ಹಾಗೇ ಅನ್ನಿಸ್ತಿದೆ."

ಸುಮಾ ತಲೆ ತಗ್ಗಿಸಿ ಬಟ್ಟೆ ಮಡಿಸುತ್ತಿದ್ದಳು. ಆಕೆಯದು ಹಳ್ಳಿಗಾಡಿನ ಮೌಢ್ಯ ಎಂದು ದಯವಿಟ್ಟು ತಿಳಿಯಬೇಡಿ. ಇದೇ ಪ್ರಶ್ನೆಯನ್ನು ಅರವತ್ತು ವರ್ಷದ ಹಿಂದೆ ಅಮೆರಿಕದ ದೊಡ್ಡ ದೊಡ್ಡ ಡಾಕ್ಟರರೂ ಕೇಳಿಕೊಂಡಿದ್ದರು. ನನ್ನ ಕೋಷ್ಟಕ ಹುಟ್ಟಿದ್ದೇ ಆ ಪ್ರಶ್ನೆಯಿಂದ. ಅದನ್ನು ಆಕೆಗೆ ಹೇಳುವ ಮೊದಲು ನಾನೇ ಸರಿಯಾಗಿ ತಿಳಿದುಕೊಳ್ಳಬೇಕಾಗಿತ್ತು. "ಮುಂದಿನ ತಿಂಗಳು ಹೇಳ್ತೀನಿ, ಅಲ್ಲಿವರೆಗೆ ನಿಲ್ಲಿಸಬೇಡಿ" ಎಂದು ಕಾಲಾವಕಾಶ ತೆಗೆದುಕೊಂಡೆ. ಓದಲು ಕೂತವಳಿಗೆ ಮೊದಲು ಸಿಕ್ಕಿದ್ದು ಒಬ್ಬ ಹೆಂಗಸು.

ಗರ್ಟ್ರೂಡ್ ಎಲಿಯನ್ ಹುಟ್ಟಿದ್ದು 1918ರಲ್ಲಿ, ನ್ಯೂಯಾರ್ಕಿನಲ್ಲಿ. ಯುರೋಪಿನಿಂದ ವಲಸೆ ಬಂದ ಯೆಹೂದಿ ಮನೆತನ, ತಂದೆ ಹಲ್ಲಿನ ಡಾಕ್ಟರು. 1929ರ ಷೇರುಪೇಟೆಯ ಕುಸಿತದಲ್ಲಿ ಮನೆಯ ಹಣವೆಲ್ಲ ಹೋಯಿತು. ಹದಿನೈದರ ವಯಸ್ಸಿನಲ್ಲಿ ಅವಳ ಪ್ರೀತಿಯ ಅಜ್ಜ ಹೊಟ್ಟೆಯ ಕ್ಯಾನ್ಸರಿನಿಂದ ನರಳಿ ಸತ್ತದ್ದನ್ನು ಹುಡುಗಿ ನೋಡಿದಳು. ಕಾಲೇಜಿನಲ್ಲಿ ರಸಾಯನಶಾಸ್ತ್ರ ಹಿಡಿದದ್ದು ಅದಕ್ಕೇ ಎಂದು ಮುಂದೆ ಅವಳೇ ಹೇಳಿಕೊಂಡಿದ್ದಾಳೆ. ಹಂಟರ್ ಕಾಲೇಜು ಹೆಣ್ಣುಮಕ್ಕಳದ್ದು, ಅಲ್ಲಿ ಶುಲ್ಕವಿರಲಿಲ್ಲ, ಅದರಿಂದ ಓದು ನಡೆಯಿತು. 1937ರಲ್ಲಿ ಅತ್ಯುಚ್ಚ ದರ್ಜೆಯಲ್ಲಿ ತೇರ್ಗಡೆಯಾದಳು.

ಮುಂದಿನ ಓದಿಗೆ ಸಹಾಯಧನ ಬೇಡಿ ಹದಿನೈದು ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕಿದಳು. ಒಂದೂ ಸಿಗಲಿಲ್ಲ. ಒಂದು ಕಡೆ ಸಂದರ್ಶನದಲ್ಲಿ ಅರ್ಹತೆಯೆಲ್ಲ ಒಪ್ಪಿ, ನೀನು ಬಂದರೆ ಪ್ರಯೋಗಾಲಯದ ಗಂಡಸರ ಗಮನ ಕೆಡುತ್ತದೆ ಎಂದರಂತೆ. ಸೆಕ್ರೆಟರಿ ಕೆಲಸದ ತರಬೇತಿಗೆ ಸೇರಿದಳು, ಬಿಟ್ಟಳು. ನರ್ಸುಗಳಿಗೆ ಮೂರು ತಿಂಗಳು ಪಾಠ ಹೇಳಿದಳು. ಒಬ್ಬ ರಸಾಯನಶಾಸ್ತ್ರಜ್ಞನ ಹತ್ತಿರ ಸಂಬಳವಿಲ್ಲದೆ ದುಡಿದಳು. ಹಗಲು ಶಾಲೆಯಲ್ಲಿ ಪಾಠ ಹೇಳಿ, ರಾತ್ರಿ ಮತ್ತು ವಾರದ ಕೊನೆಯಲ್ಲಿ ಪ್ರಯೋಗ ಮಾಡಿ, 1941ರಲ್ಲಿ ಸ್ನಾತಕೋತ್ತರ ಪದವಿ ಪಡೆದಳು. ತರಗತಿಯಲ್ಲಿ ಅವಳೊಬ್ಬಳೇ ಹೆಣ್ಣು.

ಅದೇ ವರ್ಷ ಅವಳು ಮದುವೆಯಾಗಬೇಕಿದ್ದ ಹುಡುಗ ಲಿಯೊನಾರ್ಡ್ ಹೃದಯದ ಸೋಂಕಿನಿಂದ ತೀರಿಕೊಂಡ. ಇನ್ನು ಕೆಲವೇ ವರ್ಷ ಕಳೆದಿದ್ದರೆ ಪೆನಿಸಿಲಿನ್ ಬಂದು ಉಳಿಯುವ ಸಾಧ್ಯತೆಯಿದ್ದ ಕಾಯಿಲೆ ಅದು. ಅವಳು ಮತ್ತೆ ಮದುವೆಯ ಮಾತು ಎತ್ತಲಿಲ್ಲ.

ಯುದ್ಧ ಬಂತು, ಗಂಡಸರು ಸೈನ್ಯಕ್ಕೆ ಹೋದರು, ಹೆಂಗಸರಿಗೆ ಪ್ರಯೋಗಾಲಯದ ಬಾಗಿಲು ತೆರೆಯಿತು. ಅವಳಿಗೆ ಸಿಕ್ಕ ಮೊದಲ ಕೆಲಸವೇನು ಗೊತ್ತೇ? ಒಂದು ದಿನಸಿ ಕಂಪನಿಗಾಗಿ ಉಪ್ಪಿನಕಾಯಿಯ ಹುಳಿ ಅಳೆಯುವುದು, ಮೊಟ್ಟೆಯ ಹಳದಿಯ ಬಣ್ಣ ನೋಡುವುದು. ನಮ್ಮ ಯಾವ ಅಜ್ಜಿಯೂ ನಾಲಗೆಯ ತುದಿಯಲ್ಲಿ ಮಾಡುತ್ತಿದ್ದ ಕೆಲಸ! ಕಲಿಯುವುದು ಮುಗಿಯಿತು ಎಂದು ಅದನ್ನೂ ಬಿಟ್ಟಳು. 1944ರಲ್ಲಿ ನ್ಯೂಯಾರ್ಕಿನ ಹತ್ತಿರ ಟಕಾಹೋ ಎಂಬಲ್ಲಿ ಬರೋಸ್ ವೆಲ್‌ಕಂ ಔಷಧಿ ಕಂಪನಿಯ ಜಾರ್ಜ್ ಹಿಚಿಂಗ್ಸ್ ಅವಳನ್ನು ಸೇರಿಸಿಕೊಂಡ. ರಾತ್ರಿ ಕಾಲೇಜಿನಲ್ಲಿ ಪಿಎಚ್‌ಡಿಗೆ ಓದುತ್ತಿದ್ದಳು. ಎರಡು ವರ್ಷವಾದ ಮೇಲೆ, ಕೆಲಸ ಬಿಟ್ಟು ಪೂರ್ತಿ ಸಮಯ ಬಂದರೆ ಮಾತ್ರ ಎಂದು ಕಾಲೇಜಿನವರು ಪಟ್ಟುಹಿಡಿದರು. ಅವಳು ಕೆಲಸ ಬಿಡಲಿಲ್ಲ, ಪಿಎಚ್‌ಡಿ ಬಿಟ್ಟಳು.

ಹಿಚಿಂಗ್ಸನದು ಒಂದು ಸರಳವಾದ ಯೋಚನೆ. ಯಾವ ಜೀವಕೋಶವೂ ಒಂದು ಎರಡಾಗಬೇಕಾದರೆ ತನ್ನೊಳಗಿನ ಡಿಎನ್‌ಎ ಎಂಬ ಸರವನ್ನು ಇನ್ನೊಂದು ಪ್ರತಿ ಮಾಡಿಕೊಳ್ಳಬೇಕು. ಆ ಸರದ ಕೊಂಡಿಗಳಲ್ಲಿ ಕೆಲವು ಪ್ಯೂರಿನ್ ಎಂಬ ಜಾತಿಯವು. ಕ್ಯಾನ್ಸರಿನ ಕೋಶಗಳಿಗೆ ಬೆಳೆಯುವ ಆತುರ ಹೆಚ್ಚು. ಹಾಗಾದರೆ ನಿಜವಾದ ಕೊಂಡಿಯಂತೆಯೇ ಕಾಣುವ, ಆದರೆ ಸರಕ್ಕೆ ಕೂರದ ಹುಸಿ ಕೊಂಡಿಯೊಂದನ್ನು ತಯಾರಿಸಿ ಕೊಟ್ಟರೆ? ಕೋಶ ಅದನ್ನೇ ತೆಗೆದುಕೊಂಡು ಮೋಸಹೋಗುತ್ತದೆ, ಸರ ಅಲ್ಲಿಗೆ ನಿಲ್ಲುತ್ತದೆ. ಆಗಿನ್ನೂ ಡಿಎನ್‌ಎಯ ರೂಪ ಹೇಗಿದೆ ಎಂದೇ ಯಾರಿಗೂ ಗೊತ್ತಿರಲಿಲ್ಲ, ಅದು ತಿಳಿದದ್ದು 1953ರಲ್ಲಿ.

ಎಲಿಯನ್ ಪಾಲಿಗೆ ಬಂದದ್ದು ಪ್ಯೂರಿನ್‌ಗಳು. ಒಂದೊಂದನ್ನೇ ತಯಾರಿಸಿ ಲ್ಯಾಕ್ಟೊಬ್ಯಾಸಿಲಸ್ ಎಂಬ ಸೂಕ್ಷ್ಮಜೀವಿಗೆ ಕೊಟ್ಟು ನೋಡುವುದು. ಹಾಲು ಹೆಪ್ಪುಗಟ್ಟಿಸುವ ಕುಲದ್ದೇ ಆ ಜೀವಿ. ಅದು ಬೆಳೆಯುವುದು ನಿಂತರೆ ವಸ್ತುವಿನಲ್ಲಿ ಏನೋ ಇದೆ ಎಂದರ್ಥ. 1951ರ ಹೊತ್ತಿಗೆ ನೂರಕ್ಕೂ ಹೆಚ್ಚು ವಸ್ತುಗಳು ಹೀಗೆ ಪರೀಕ್ಷೆಯಾಗಿದ್ದವು. ಅವುಗಳಲ್ಲೊಂದರಲ್ಲಿ ಆಮ್ಲಜನಕದ ಅಣು ಇರಬೇಕಾದ ಜಾಗಕ್ಕೆ ಗಂಧಕದ ಅಣು ಕೂರಿಸಿದ್ದಳು. ಅದೇ 6-ಮರ್ಕ್ಯಾಪ್ಟೊಪ್ಯೂರಿನ್.

ಇದಕ್ಕೆ ಮೊದಲೇ ಬಾಸ್ಟನ್ನಿನಲ್ಲಿ ಇನ್ನೊಂದು ಬಾಗಿಲು ತೆರೆದಿತ್ತು, ಅದರ ಬೀಗದ ಕೈ ನಮ್ಮ ದೇಶದಲ್ಲಿತ್ತು. ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ 1928ರಲ್ಲಿ ಮುಂಬಯಿಗೆ ಬಂದು, ಬಟ್ಟೆ ಗಿರಣಿಗಳಲ್ಲಿ ದುಡಿಯುವ ಬಡ ಬಸುರಿಯರ ರಕ್ತಹೀನತೆಯ ಹಿಂದೆ ಬಿದ್ದಳು. ಯೀಸ್ಟಿನ ಸಾರ ತಿನ್ನಿಸಿದರೆ ಅದು ವಾಸಿಯಾಗುತ್ತದೆ ಎಂದು ತೋರಿಸಿದಳು. ಆ ಸಾರದಲ್ಲಿದ್ದ ಸತ್ವವೇ ಮುಂದೆ ಫೋಲಿಕ್ ಆಮ್ಲವೆಂದು ಹೆಸರಾದದ್ದು, ಇವತ್ತು ನಮ್ಮ ಬಸುರಿಯರಿಗೆಲ್ಲ ಆಸ್ಪತ್ರೆಯಲ್ಲಿ ಕೊಡುವ ಮಾತ್ರೆ. ಆ ಫೋಲಿಕ್ ಆಮ್ಲವನ್ನು ಅಮೆರಿಕದ ಲೆಡರ್ಲೆ ಕಂಪನಿಯಲ್ಲಿ ಕೃತಕವಾಗಿ ತಯಾರಿಸಿದ ತಂಡದ ಮುಖ್ಯಸ್ಥರು ಭೀಮಾವರಂನಲ್ಲಿ ಹುಟ್ಟಿದ ತೆಲುಗರು, ಯಲ್ಲಾಪ್ರಗಡ ಸುಬ್ಬರಾವ್. ಫೋಲಿಕ್ ಆಮ್ಲ ಕೊಟ್ಟರೆ ರಕ್ತದ ಕ್ಯಾನ್ಸರಿನ ಮಕ್ಕಳಲ್ಲಿ ರೋಗ ಇನ್ನಷ್ಟು ಜೋರಾಗುತ್ತದೆಂಬ ಸಂಶಯ ಬಾಸ್ಟನ್ನಿನ ಸಿಡ್ನಿ ಫಾರ್ಬರ್ ಎಂಬ ವೈದ್ಯನಿಗೆ ಬಂತು. ಹಾಗಾದರೆ ಅದಕ್ಕೆ ವಿರೋಧಿಯಾದದ್ದನ್ನು ಕೊಡೋಣ ಎಂದು ಸುಬ್ಬರಾಯರ ತಂಡದಿಂದ ಅಮಿನಾಪ್ಟೆರಿನ್ ತರಿಸಿದ. 1948ರಲ್ಲಿ ಫಾರ್ಬರ್ ವರದಿ ಮಾಡಿದ 16 ಮಕ್ಕಳಲ್ಲಿ 10 ಮಕ್ಕಳಿಗೆ ಕೆಲವು ಕಾಲ ಚೇತರಿಕೆ ಕಂಡಿತು. ಆದರೆ ರೋಗ ತಿರುಗಿ ಬರುತ್ತಿತ್ತು. ಅದೇ ವರ್ಷ ಆಗಸ್ಟಿನಲ್ಲಿ ಸುಬ್ಬರಾಯರು ನ್ಯೂಯಾರ್ಕಿನಲ್ಲಿ ತೀರಿಕೊಂಡರು. ಪುಟ್ಟಿಯ ಡಬ್ಬಿಯಲ್ಲಿ ವಾರಕ್ಕೊಂದು ದಿನ ನುಂಗುವ ಇನ್ನೊಂದು ಮಾತ್ರೆಯಿತ್ತಲ್ಲ, ಮೆಥೊಟ್ರೆಕ್ಸೇಟ್, ಅದು ಈ ಅಮಿನಾಪ್ಟೆರಿನ್ನಿನ ತಂಗಿ.

ಮತ್ತೆ ಎಲಿಯನ್ ಕಡೆಗೆ ಬರೋಣ. 6-ಎಂಪಿಗೂ ಮೊದಲು ಅವಳು ಮಾಡಿದ ಇನ್ನೊಂದು ವಸ್ತುವನ್ನು ನ್ಯೂಯಾರ್ಕಿನ ಸ್ಲೋನ್ ಕೆಟರಿಂಗ್ ಸಂಸ್ಥೆಯಲ್ಲಿ ರೋಗಿಗಳ ಮೇಲೆ ಪರೀಕ್ಷಿಸಿದ್ದರು. ಅದು ತಡೆಯಲಾರದ ವಾಂತಿ ತರಿಸುತ್ತಿತ್ತು. ಆದರೂ ಒಬ್ಬ ಯುವತಿಗೆ ರೋಗ ಪೂರ್ತಿ ಇಳಿಯಿತು. ಅವಳು ಗುಣವಾದಳೆಂದು ಮನೆಗೆ ಹೋದಳು, ಮದುವೆಯಾದಳು, ಒಂದು ಮಗುವೂ ಆಯಿತು. ಆಮೇಲೆ ರೋಗ ಮರಳಿತು, ಅವಳು ಉಳಿಯಲಿಲ್ಲ. ಎಷ್ಟೋ ವರ್ಷಗಳ ನಂತರ, ಮುದುಕಿಯಾದ ಮೇಲೂ ಆ ಹುಡುಗಿಯ ಮಾತು ಬಂದರೆ ಎಲಿಯನ್ ಕಣ್ಣು ತುಂಬುತ್ತಿತ್ತಂತೆ. ನನಗೆ ಈ ಸಂಗತಿ ಓದಿದಾಗ ಜಗಲಿಯಲ್ಲಿ ಕುಂಟೆಬಿಲ್ಲೆ ಆಡುವ ಪುಟ್ಟಿ ನೆನಪಾದಳು. ಚೆನ್ನಾಗಿರುವುದು ಎಂದರೆ ಏನು ಎಂಬುದು ಈ ರೋಗದಲ್ಲಿ ಅಷ್ಟು ಸುಲಭದ ಮಾತಲ್ಲ.

6-ಎಂಪಿಯನ್ನು ಮೊದಲು ಇಲಿಗಳ ಮೇಲೆ ನೋಡಿದರು, ಗೆಡ್ಡೆಗಳ ಬೆಳವಣಿಗೆ ತಗ್ಗಿತು. ನಂತರ ಸ್ಲೋನ್ ಕೆಟರಿಂಗಿನ ಜೋಸೆಫ್ ಬರ್ಶೆನಾಲ್ ಮತ್ತು ಸಂಗಡಿಗರು ರೋಗಿಗಳಿಗೆ ಕೊಟ್ಟರು. ಬಾಯಿಂದ ನುಂಗುವ ಔಷಧಿ, ದೇಹದ ತೂಕದ ಒಂದೊಂದು ಕಿಲೋಗೆ ದಿನಕ್ಕೆ 2.5 ಮಿಲಿಗ್ರಾಮ್. ಹೊಸ ಮದ್ದನ್ನು ಕೊಡುವಾಗ ಡಾಕ್ಟರರು ನಡೆಯುವುದು ಕತ್ತಿಯ ಅಲಗಿನ ಮೇಲೆ. ಕಡಿಮೆಯಾದರೆ ರೋಗ ಬಗ್ಗುವುದಿಲ್ಲ, ಹೆಚ್ಚಾದರೆ ಮೂಳೆಯೊಳಗಿನ ಮಜ್ಜೆಯೇ ಸೋತು ಒಳ್ಳೆಯ ರಕ್ತವೂ ಹುಟ್ಟುವುದಿಲ್ಲ. ವಾರವಾರವೂ ರಕ್ತ ತೆಗೆದು ಎಣಿಸಿ, ಬಿದ್ದರೆ ನಿಲ್ಲಿಸಿ, ಎದ್ದರೆ ಮತ್ತೆ ಕೊಡುವ ಕ್ರಮ ಆಗಲೇ ಶುರುವಾಯಿತು. ಸುಮಾ ಪ್ರತಿ ತಿಂಗಳು ಫೋನಿನಲ್ಲಿ "ದೊಡ್ಡಮ್ಮ, ಕೌಂಟ್ ಚೆನ್ನಾಗಿ ಬಂತು" ಎನ್ನುತ್ತಿದ್ದಳಲ್ಲ, ಆ ಮಾತಿನ ವಯಸ್ಸು ಅಷ್ಟು.

ಆ ಮಕ್ಕಳಿಗೆ ಅದರಿಂದ ಎಷ್ಟು ಸಿಕ್ಕಿತು? ಈ ಔಷಧಿಗಳು ಬರುವ ಮುಂಚೆ ತೀವ್ರ ಲ್ಯುಕೇಮಿಯಾ ಬಂದ ಮಕ್ಕಳಲ್ಲಿ ಅರ್ಧದಷ್ಟು ಜನ ಮೂರು ನಾಲ್ಕು ತಿಂಗಳೊಳಗೆ ಹೋಗಿಬಿಡುತ್ತಿದ್ದರು. 6-ಎಂಪಿಯೂ ಸೇರಿದ ಮೇಲೆ ಅದು ಹನ್ನೆರಡು ತಿಂಗಳಿಗೆ ಏರಿತು ಎಂದು ಎಲಿಯನ್ ತನ್ನ ನೊಬೆಲ್ ಭಾಷಣದಲ್ಲಿ ಲೆಕ್ಕ ಕೊಟ್ಟಿದ್ದಾಳೆ. ಬೆರಳೆಣಿಕೆಯ ಕೆಲವರು ವರ್ಷಗಟ್ಟಲೆ ಉಳಿದರು. ವಸ್ತು ಕೈಗೆ ಬಂದು ಎರಡು ವರ್ಷಕ್ಕೆ ಸ್ವಲ್ಪವೇ ಹೆಚ್ಚಾಗಿರುವಾಗ, 1953ರಲ್ಲಿ, ಅಮೆರಿಕದ ಸರ್ಕಾರ ಅದಕ್ಕೆ ಒಪ್ಪಿಗೆ ಕೊಟ್ಟಿತು. ಈಗಿನ ಕಾಲದಲ್ಲಿ ಕೇಳಿಯೇ ಅರಿಯದ ವೇಗ.

ಎಂಟೊಂಬತ್ತು ತಿಂಗಳು ಹೆಚ್ಚು. ಅದು ಕೊಡುವಂಥದ್ದೇ? ಸಾಯುವ ಮಗುವಿಗೆ ಇನ್ನಷ್ಟು ಸೂಜಿ ಚುಚ್ಚಿ ಇನ್ನೊಮ್ಮೆ ಸಾಯಿಸುವುದು ಕರುಣೆಯೇ ಎಂದು ವಾದಿಸಿದ ಡಾಕ್ಟರರು ಆಗ ಕಡಿಮೆಯೇನೂ ಇರಲಿಲ್ಲ. ಅವರು ಕೆಟ್ಟವರಲ್ಲ. ಚೇತರಿಸಿಕೊಂಡು ಶಾಲೆಗೆ ಹೋದ ಮಗು ಮತ್ತೆ ಬಿಳಿಚಿಕೊಂಡು ಬಂದು ಅದೇ ಹಾಸಿಗೆಯಲ್ಲಿ ಮಲಗುವುದನ್ನು ನೋಡಿ ನೋಡಿ ಬೇಸತ್ತವರು. ಒಂದು ಹಬ್ಬವಾದರೂ ಜೊತೆಯಲ್ಲಿ ಕಳೆದೆವು ಎನ್ನುವ ತಾಯಂದಿರೂ ಇದ್ದಿರಬೇಕು. ಇಂಥ ತಕ್ಕಡಿಯಲ್ಲಿ ತೂಗುವ ಶಕ್ತಿ ನನ್ನ ಶಾಸ್ತ್ರಕ್ಕಿಲ್ಲ.

ಈಗ ನನ್ನ ಕೋಷ್ಟಕ. 1950ರ ದಶಕದ ಹೊತ್ತಿಗೆ ಸ್ಟೀರಾಯ್ಡ್ ಕೊಟ್ಟರೆ ಬಹಳ ಮಕ್ಕಳಲ್ಲಿ ರೋಗ ಕೆಲವು ವಾರಗಳ ಮಟ್ಟಿಗೆ ಇಳಿಯುತ್ತದೆ ಎಂದು ಗೊತ್ತಾಗಿತ್ತು. ರಕ್ತ ಶುದ್ಧ, ಮಗು ಲವಲವಿಕೆ. ಆಮೇಲೆ ರೋಗ ಮತ್ತೆ ಕಾಣಿಸಿಕೊಳ್ಳುತ್ತಿತ್ತು. ಆಗ ಎದ್ದ ಪ್ರಶ್ನೆ: ರೋಗ ಮರಳುವ ತನಕ ಕಾದು ಆಮೇಲೆ 6-ಎಂಪಿ ಕೊಡಬೇಕೋ, ಅಥವಾ ಮಗು ಚೆನ್ನಾಗಿ ಕಾಣುವಾಗಲೇ ದಿನಾ ಕೊಡುತ್ತ ಬಂದರೆ ರೋಗ ಬರುವುದೇ ತಡವಾಗುತ್ತದೆಯೋ? ಸುಮಾಳ ಅತ್ತೆಯ ಪ್ರಶ್ನೆಯೇ, ಒಂದಕ್ಷರ ಆಚೀಚೆಯಿಲ್ಲ.

ಅಮೆರಿಕದ ಹನ್ನೊಂದು ಆಸ್ಪತ್ರೆಗಳು ಕೂಡಿ ಇದಕ್ಕೆ ಉತ್ತರ ಹುಡುಕಲು ಹೊರಟವು. ಎಮಿಲ್ ಫ್ರೈರೈಕ್ ಮತ್ತು ಅವರ ಜೊತೆಗಾರರು ಅದನ್ನು 1963ರಲ್ಲಿ ಪ್ರಕಟಿಸಿದರು. ಒಂದೇ ಆಸ್ಪತ್ರೆಯಲ್ಲಿ ಒಂದೇ ಬಗೆಯಾಗಿ ಚೇತರಿಸಿಕೊಂಡ ಇಬ್ಬಿಬ್ಬರನ್ನು, ಎಲ್ಲರೂ ಎಳೆಯರು, ಜೋಡಿ ಮಾಡಿದರು. ಜೋಡಿಯಲ್ಲಿ ಒಬ್ಬರಿಗೆ 6-ಎಂಪಿ, ಇನ್ನೊಬ್ಬರಿಗೆ ನೋಡಲು ಹಾಗೆಯೇ ಇರುವ ಹುಸಿ ಮಾತ್ರೆ. ಯಾರಿಗೆ ಯಾವುದು ಎಂಬುದು ಚೀಟಿ ಎತ್ತಿದ ಹಾಗೆ, ಯಾರ ಇಷ್ಟಾನಿಷ್ಟವೂ ಅದರಲ್ಲಿಲ್ಲ. ಯಾರ ರೋಗ ಎಷ್ಟು ವಾರಕ್ಕೆ ಮರಳಿತು ಎಂದು ಬರೆದಿಡುವುದು. ಮುಗಿಯುವ ತನಕ ಕಾಯದೆ, ಒಂದೊಂದು ಜೋಡಿಯ ಫಲ ತಿಳಿದ ಹಾಗೆ ಲೆಕ್ಕ ಹಾಕುತ್ತ, ಸಾಕಷ್ಟು ಸ್ಪಷ್ಟವಾದ ಕೂಡಲೇ ನಿಲ್ಲಿಸುವುದು. ಹಾಗೆ ನಿಂತದ್ದು ಇಪ್ಪತ್ತೊಂದನೆಯ ಜೋಡಿಗೆ.

ಮುಂದಿನ ತಿಂಗಳು ಅವರು ಬಂದ ಸಂಜೆ ಕರೆಂಟು ಹೋಗಿತ್ತು. ಮೇಣದಬತ್ತಿ ಹಚ್ಚಿಟ್ಟು, ಚೌಕಾಬಾರ ಆಡುವ ಹುಣಸೆಬೀಜದ ಡಬ್ಬಿ ತಂದು ನೆಲದ ಮೇಲೆ ಕೂತೆ. "ಬನ್ನಿ, ಲೆಕ್ಕ ತೋರಿಸ್ತೀನಿ" ಎಂದು ಆಕೆಯನ್ನು ಕರೆದೆ. ಎಡಗಡೆ ಬರೀ ಮಾತ್ರೆಯ ಮಗು, ಬಲಗಡೆ ಮದ್ದಿನ ಮಗು, ಒಂದೊಂದು ಬೀಜ ಒಂದೊಂದು ವಾರ. ಮೊದಲ ಜೋಡಿ: ಎಡಗಡೆ ಒಂದೇ ಬೀಜ, ಬಲಗಡೆ ಹತ್ತು. ಎರಡನೆಯದು: ಎಡಗಡೆ 22, ಬಲಗಡೆ 7. "ಇದು ತಿರುಗಾಮುರುಗಾ ಆಯ್ತಲ್ಲ" ಎಂದರು ಆಕೆ. ಹೌದು, ಎಲ್ಲವೂ ಒಂದೇ ಥರ ಇರುವುದಿಲ್ಲ, ಮುಂದೆ ನೋಡಿ ಎಂದೆ. ಮೂರನೆಯದು: ಎಡಗಡೆ 3, ಬಲಗಡೆ 32, ಅದರ ಪಕ್ಕ ಒಂದು ಬೆಂಕಿಕಡ್ಡಿ ಇಟ್ಟೆ.

"ಕಡ್ಡಿ ಯಾಕೆ?"

"ಲೆಕ್ಕ ನಿಲ್ಲಿಸಿದ ದಿನಕ್ಕೂ ಆ ಮಗುವಿಗೆ ರೋಗ ಮರಳಿರಲಿಲ್ಲ ಅಂತ."

ನಮ್ಮ ಪುಸ್ತಕಗಳಲ್ಲಿ ಅಂಥ ಅಂಕಿಯ ಪಕ್ಕ ಅಧಿಕ ಚಿಹ್ನೆ ಇರುತ್ತದೆ, 32+ ಎಂದು. ಆ ಚಿಹ್ನೆಯನ್ನು ಲೆಕ್ಕದಲ್ಲಿ ಹೇಗೆ ಸಂಭಾಳಿಸಬೇಕು ಎಂದು ಹುಡುಗಿಯರಿಗೆ ಎರಡು ಪೀರಿಯಡ್ಡು ಕಲಿಸುತ್ತಿದ್ದೆ. ಅದು ಒಂದು ಮಗು ಇನ್ನೂ ಆಡಿಕೊಂಡಿದೆ ಎಂಬುದರ ಗುರುತು ಎಂದು ಒಂದು ಸಲವೂ ಹೇಳಿರಲಿಲ್ಲ. ಹೇಳಲು ನನಗೇ ತೋಚಿರಲಿಲ್ಲ.

ಬೀಜ ಸಾಲದೆ ಅವರೆಕಾಳು ತಂದೆವು. ಸುಮಾ, ಪುಟ್ಟಿ ಇಬ್ಬರೂ ಬಂದು ಜೋಡಿಸಲು ಕೂತರು. ಪುಟ್ಟಿಗೆ ಅದೊಂದು ಆಟ. ಇಪ್ಪತ್ತೊಂದು ಜೋಡಿಯಲ್ಲಿ ಹದಿನೆಂಟರಲ್ಲಿ ಬಲಗಡೆಯ ಸಾಲೇ ಉದ್ದ, ಮೂರರಲ್ಲಿ ಮಾತ್ರ ಎಡಗಡೆಯದು. ನಾಣ್ಯ ಚಿಮ್ಮಿದ ಹಾಗೆ ಬರೀ ಅದೃಷ್ಟದಿಂದ ಹೀಗಾಗುವುದು ಸಾವಿರಕ್ಕೊಂದು ಸಲವೂ ಇಲ್ಲ. ಎಡಗಡೆಯ ಅಷ್ಟೂ ಮಕ್ಕಳಿಗೆ ರೋಗ ಮರಳಿತ್ತು, ಮಧ್ಯಾಂಕ ಎಂಟು ವಾರ. ಬಲಗಡೆ ಮರಳಿದ್ದು ಒಂಬತ್ತು ಮಕ್ಕಳಿಗೆ, ಹನ್ನೆರಡು ಕಡ್ಡಿಗಳು ಉಳಿದವು, ಮಧ್ಯಾಂಕ ಇಪ್ಪತ್ತಮೂರು ವಾರ.

"ಅಂದ್ರೆ ಚೆನ್ನಾಗಿರುವಾಗಲೂ ರೋಗ ಒಳಗೆ ಕೂತಿರುತ್ತೆ" ಎಂದರು ಆಕೆ, ನಿಧಾನವಾಗಿ.

"ಕಣ್ಣಿಗೆ ಕಾಣದಷ್ಟು."

ಸ್ವಲ್ಪ ಹೊತ್ತು ಸುಮ್ಮನಿದ್ದು, ಎಡಗಡೆಯ ಒಂದೇ ಒಂದು ಬೀಜದ ಸಾಲನ್ನು ತೋರಿಸಿ ಕೇಳಿದರು: "ಈ ಮಗು ಆಮೇಲೆ ಏನಾಯ್ತು?"

ಇಪ್ಪತ್ತಾರು ವರ್ಷಗಳಲ್ಲಿ ನನ್ನ ಯಾವ ವಿದ್ಯಾರ್ಥಿನಿಯೂ ಕೇಳದ ಪ್ರಶ್ನೆ. ನಾನೂ ಕೇಳಿಕೊಂಡವಳಲ್ಲ. ಆದರೆ ಆ ತಿಂಗಳು ಓದಿದ್ದರಿಂದ ಇಷ್ಟು ಹೇಳಲು ಸಾಧ್ಯವಾಯಿತು: ರೋಗ ಮರಳಿದ ಕೂಡಲೇ ಹುಸಿ ಮಾತ್ರೆಯ ಮಕ್ಕಳಿಗೂ ನಿಜವಾದ ಮಾತ್ರೆ ಕೊಟ್ಟರು. ಅದರಿಂದ ಒಟ್ಟು ಆಯಸ್ಸಿನಲ್ಲಿ ಎಡಗಡೆಗೂ ಬಲಗಡೆಗೂ ಹೇಳಿಕೊಳ್ಳುವಂಥ ವ್ಯತ್ಯಾಸವಾಗಲಿಲ್ಲ. ಆದರೆ ಆ ಕಾಲದಲ್ಲಿ ಈ ರೋಗದಿಂದ ಪೂರ್ತಿ ಪಾರಾದವರು ತೀರ ವಿರಳ, ಎಡಗಡೆಯವರಲ್ಲೂ ಬಲಗಡೆಯವರಲ್ಲೂ.

"ಕಡ್ಡಿ ಇಟ್ಟ ಮಕ್ಕಳೂ?"

"ಅವರಲ್ಲೂ ಉಳಿದವರಿದ್ದರೆ ಅಪರೂಪಕ್ಕೆ ಒಬ್ಬರು."

ಹುಸಿ ಮಾತ್ರೆ ಕೊಟ್ಟದ್ದು ಸರಿಯೇ ಎಂದು ಸುಮಾ ಸಿಟ್ಟಿನಿಂದ ಕೇಳಿದಳು. ತಾಯಿಯಾದವಳು ಕೇಳುವಂಥದ್ದೇ. ಪರೀಕ್ಷೆ ಶುರುವಾಗುವಾಗ ಉತ್ತರ ನಿಜವಾಗಿಯೂ ಯಾರಿಗೂ ಗೊತ್ತಿರಲಿಲ್ಲ, ಮದ್ದು ತಾನೇ ಕೌಂಟ್ ಬೀಳಿಸಿ ಮಗುವನ್ನು ಕೊಲ್ಲುವ ಭಯವೂ ಇತ್ತು, ಗೊತ್ತಾದ ಕೂಡಲೇ ನಿಲ್ಲಿಸಿದರು, ಎಂದು ನಾನು ಹೇಳಿದೆ. ಶಾಸ್ತ್ರದ ಪ್ರಕಾರ ನನ್ನ ಉತ್ತರ ಸರಿ. ಆದರೆ ಒಂದೇ ಬೀಜದ ಆ ಸಾಲು ಎದುರಿಗಿರುವಾಗ ನನ್ನ ದನಿ ನನಗೇ ಅಷ್ಟು ಗಟ್ಟಿಯಾಗಿ ಕೇಳಿಸಲಿಲ್ಲ.

ಆ ಪರೀಕ್ಷೆಯ ನಂತರ ಕೆಲಸ ಬೇಗ ಬೇಗ ಸಾಗಿತು. 1960ರ ದಶಕದಲ್ಲಿ ಫ್ರೈರೈಕ್ ಮತ್ತು ಎಮಿಲ್ ಫ್ರೈ ಒಂದೊಂದೇ ಮದ್ದು ಕೊಡುವ ಬದಲು ನಾಲ್ಕನ್ನು ಒಟ್ಟಿಗೆ ಕೊಟ್ಟು ನೋಡಿದರು. ಆ ನಾಲ್ಕರಲ್ಲಿ 6-ಎಂಪಿ ಒಂದು, ಮೆಥೊಟ್ರೆಕ್ಸೇಟ್ ಒಂದು, ಸ್ಟೀರಾಯ್ಡ್ ಒಂದು. ನಾಲ್ಕನೆಯ ವಿನ್‌ಕ್ರಿಸ್ಟಿನ್ ಬಂದದ್ದು ನಮ್ಮ ಅಂಗಳಗಳಲ್ಲಿ ನಿತ್ಯವೂ ಅರಳುವ ಕಾಶಿ ಕಣಗಿಲೆಯಿಂದ. ಮೆಂಫಿಸ್ ನಗರದ ಡೊನಾಲ್ಡ್ ಪಿಂಕೆಲ್ ಮಿದುಳಿಗೂ ಚಿಕಿತ್ಸೆ ಸೇರಿಸಿ, ಎರಡು ಮೂರು ವರ್ಷ ಮಾತ್ರೆ ಮುಂದುವರಿಸಿದರು. ಅಲ್ಲಿಂದಾಚೆ ಅರ್ಧದಷ್ಟು ಮಕ್ಕಳು ಗುಣವಾಗತೊಡಗಿದರು. ಈಗ ಅನುಕೂಲವಂತ ದೇಶಗಳಲ್ಲಿ ನೂರಕ್ಕೆ ತೊಂಬತ್ತರ ಹತ್ತಿರ. ನಮ್ಮಲ್ಲಿ ಅಷ್ಟಿಲ್ಲ. ಕಾರಣಗಳು ಹಲವು, ಅವುಗಳಲ್ಲಿ ಒಂದು ಚಿಕಿತ್ಸೆಯನ್ನು ನಡುವೆ ಬಿಟ್ಟುಬಿಡುವುದು.

ಎಲಿಯನ್ ಸುಮ್ಮನೆ ಕೂರಲಿಲ್ಲ. 6-ಎಂಪಿ ದೇಹದಲ್ಲಿ ಬೇಗ ಕರಗಿಹೋಗದಂತೆ ತಡೆಯಲು ಹುಡುಕಿದ ಅಲೋಪ್ಯುರಿನಾಲ್ ಆ ಕೆಲಸಕ್ಕೆ ಹೆಚ್ಚು ಒದಗದಿದ್ದರೂ ಗೌಟ್ ಎಂಬ ಕಾಲುಬೆರಳಿನ ನೋವಿಗೆ ದಿವ್ಯವಾದ ಮದ್ದಾಯಿತು. ನಮ್ಮ ಯಜಮಾನರು ಏಳು ವರ್ಷದಿಂದ ಅದನ್ನು ನುಂಗುತ್ತಿದ್ದಾರೆ, ಯಾರು ಕಂಡುಹಿಡಿದದ್ದೆಂದು ನಾನು ಹೇಳುವ ತನಕ ಗೊತ್ತಿರಲಿಲ್ಲ. 6-ಎಂಪಿಯ ಬಳಗದ್ದೇ ಇನ್ನೊಂದು ಮದ್ದು ಮೂತ್ರಪಿಂಡದ ಕಸಿಯನ್ನು ಸಾಧ್ಯಮಾಡಿತು. 1988ರಲ್ಲಿ ಹಿಚಿಂಗ್ಸ್ ಮತ್ತು ಜೇಮ್ಸ್ ಬ್ಲ್ಯಾಕ್ ಜೊತೆ ಅವಳಿಗೆ ನೊಬೆಲ್ ಬಂತು. ಪಿಎಚ್‌ಡಿ ಇಲ್ಲದವಳಿ‌ಗೆ! ಅಂದು ಪಟ್ಟುಹಿಡಿದಿದ್ದ ಕಾಲೇಜು ಮರುವರ್ಷ ತಾನಾಗಿ ಗೌರವ ಡಾಕ್ಟರೇಟು ಕೊಟ್ಟಿತು. 1999ರಲ್ಲಿ ಅವಳು ತೀರಿಕೊಂಡಳು.

ಆ ರಾತ್ರಿಗೆ ಮರಳುತ್ತೇನೆ. ಕರೆಂಟು ಬಂದ ಮೇಲೆ ಸುಮಾಳ ಅತ್ತೆ ಬೀಜಗಳನ್ನೂ ಅವರೆಕಾಳನ್ನೂ ಬೇರೆ ಬೇರೆ ಆರಿಸಿ ಡಬ್ಬಿಗಳಿಗೆ ತುಂಬಿದರು. ಬೆಂಕಿಕಡ್ಡಿಗಳನ್ನು ಒಂದೊಂದೇ ಪೊಟ್ಟಣಕ್ಕೆ ಸೇರಿಸಿದರು. ಮಾತ್ರೆಯ ವಿಷಯ ಏನೂ ಮಾತಾಡಲಿಲ್ಲ. ಒಂಬತ್ತು ಹೊಡೆದಾಗ ಪುಟ್ಟಿ ಹಾಲು ಬೇಕೆಂದು ರಾಗ ತೆಗೆದಳು. "ಮೊದಲು ಮಾತ್ರೆ, ಹಾಲು ನಾಳೆ ಬೆಳಿಗ್ಗೆ" ಎಂದು ಆಕೆಯೇ ಗದರಿದರು. ಸುಮಾ ನನ್ನ ಕಡೆ ನೋಡಿದಳು.

2019ರ ಬೇಸಿಗೆಯಲ್ಲಿ ಚಿಕಿತ್ಸೆ ಮುಗಿಯಿತು. ಪುಟ್ಟಿ ಈಗ ಹೈಸ್ಕೂಲಿಗೆ ಹೋಗುತ್ತಾಳೆ, ವರ್ಷಕ್ಕೊಮ್ಮೆ ಬೆಂಗಳೂರಿಗೆ ಹೋಗಿ ತೋರಿಸಿಕೊಂಡು ಬರುತ್ತಾಳೆ. ಗಣಿತ ಅವಳಿಗೆ ಅಷ್ಟಕ್ಕಷ್ಟೆ. ಕೊನೆಯ ಮಾತ್ರೆ ಕೊಟ್ಟ ಮಾರನೆಯ ದಿನ ಅವರೆಲ್ಲ ನನ್ನ ಮನೆಯಲ್ಲೇ ಇದ್ದರು. ರಾತ್ರಿ ಊಟವಾದ ಮೇಲೆ ಅಡುಗೆಮನೆಯಲ್ಲಿ ದೀಪವಿದೆಯಲ್ಲ ಎಂದು ಹೋಗಿ ನೋಡಿದೆ. ಸುಮಾಳ ಅತ್ತೆ ಒಲೆಯ ಮುಂದೆ ನಿಂತು, ಸಕ್ಕರೆ ಹಾಕಿ, ಹಾಲು ಆರಿಸುತ್ತಿದ್ದರು.